ಎಡಕ್ಕೊಂದು ಫ್ಯಾನು, ಬಲಕ್ಕೊಂದು ಫ್ಯಾನು

ಭಾಲ್ಕಿಯ ಕಾಶೀರಾಮನಿಗೆ ದೇವರು ಕರುಣಿಸಿದ್ದು ಎರಡು. ಒಂದು, ಹೆಂಡತಿ ಕೌಸಲ್ಯಾಬಾಯಿ. ಇನ್ನೊಂದು, ಇಪ್ಪತ್ತು ವರ್ಷದ ಹಳೆಯ ಜೀಪು. ಎರಡನ್ನೂ ಅವನು ಸಮನಾದ ಭಯಭಕ್ತಿಯಿಂದ ನಡೆಸಿಕೊಂಡು ಬಂದಿದ್ದ. ವ್ಯತ್ಯಾಸ ಇಷ್ಟೇ: ಜೀಪು ಬಿಸಿಯಾದರೆ ಸ್ಟಿಯರಿಂಗಿನ ಮುಂದೆ ಒಂದು ಮುಳ್ಳು ಏರಿ ತೋರಿಸುತ್ತಿತ್ತು. ಹೆಂಡತಿಗೆ ಅಂಥ ಮುಳ್ಳು ಇರಲಿಲ್ಲ.

ಮಳೆರಾಯ ಸತತ ಎರಡು ವರ್ಷ ಬೀದರ ಜಿಲ್ಲೆಯ ದಾರಿ ಮರೆತ ಕಾಲವದು. ಕಾರಂಜಾ ಅಣೆಕಟ್ಟಿನ ಹಿನ್ನೀರು ನಿಲ್ಲುತ್ತಿದ್ದ ಜಾಗದಲ್ಲಿ ಹುಡುಗರು ಕ್ರಿಕೆಟ್ಟು ಆಡುತ್ತಿದ್ದರು. ಮಂದಿ ಹಾಸಿಗೆ, ಪಾತ್ರೆ, ಕಾಲು ಕಟ್ಟಿದ ಕೋಳಿ ಎಲ್ಲ ಹೇರಿಕೊಂಡು ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊರಟಿದ್ದರು. ಹಳ್ಳಿಗಳಿಂದ ಅವರನ್ನು ಭಾಲ್ಕಿಯ ರೈಲಿಗೆ ಮುಟ್ಟಿಸುವುದು ಕಾಶೀರಾಮನ ಕೆಲಸ. ಹಿಂದಿನ ಸೀಟಿನಲ್ಲಿ ಮುದುಕಿಯರು ಊರು ಬಿಟ್ಟ ದುಃಖಕ್ಕೆ ಅತ್ತರೆ ಅವನೂ ಅಳುತ್ತಿದ್ದ. ಅಳುತ್ತಲೇ ಗೇರು ಬದಲಿಸುತ್ತಿದ್ದ. ಅಷ್ಟು ಮೆತ್ತಗಿನ ಮನುಷ್ಯ.

ಜೀಪು ಮೆತ್ತಗಿರಲಿಲ್ಲ. ಅದಕ್ಕೆ ಅಸಾಧ್ಯ ಬಾಯಾರಿಕೆ. ರೇಡಿಯೇಟರಿನ ಹಿಂದೆ ಇದ್ದದ್ದು ಒಂದು ಹಳೆಯ ಕಬ್ಬಿಣದ ಫ್ಯಾನು. ಬೆಲ್ಟು ಕಟ್ಟಿ ಎಂಜಿನ್ನಿನ ಸಂಗಡ ತಿರುಗಿಸುವಂಥದ್ದು. ಬೆಲ್ಟು ಸಡಿಲ, ಒಂದು ರೆಕ್ಕೆ ಮುರಿದಿತ್ತು. ಏರು ಬಂತೆಂದರೆ ಎಂಜಿನ್ನು ಏದುಸಿರು ಬಿಡುತ್ತಿತ್ತು, ಫ್ಯಾನು ತೂಕಡಿಸುತ್ತಿತ್ತು, ನೀರು ಕುದಿದು ಆವಿಯಾಗಿ ಆಕಾಶ ಸೇರುತ್ತಿತ್ತು. ಕಾಶೀರಾಮ ಖಾಲಿ ಡಬ್ಬಿ ಹಿಡಿದು ಹಳ್ಳಿಯ ಬೋರಿನ ಮುಂದೆ ಹೋಗಿ ನಿಲ್ಲುತ್ತಿದ್ದ.

"ಎಪ್ಪಾ, ಕೂಸಿಗಿ ಕುಡಸ್ಲಾಕ ನೀರಿಲ್ಲ. ನಿನ್ನ ತಗಡಿಗಿ ಎಲ್ಲಿಂದ ತರೋಣು?" ಎಂದು ಹೆಂಗಸರು ಕೇಳುತ್ತಿದ್ದರು. ನ್ಯಾಯವಾದ ಮಾತು. ಕಾಶೀರಾಮ ನ್ಯಾಯವಾದ ಮಾತಿಗೆ ಎದುರಾಡಿದವನಲ್ಲ. ತಲೆ ತಗ್ಗಿಸಿ ಬಂದು ಜೀಪು ತಣ್ಣಗಾಗುವ ತನಕ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಹೀಗೆ ಊರೂರಿನಲ್ಲಿ ಬೈಸಿಕೊಂಡು ಬೈಸಿಕೊಂಡು, ಕೊನೆಗೆ ಒಂದು ಮುಂಜಾನೆ ಅವನು ಯಾರನ್ನೂ ಕೇಳುವ ಗೊಡವೆಯೇ ಬೇಡವೆಂದು ತನ್ನ ಮನೆಯ ಕೊಡವನ್ನೇ ಎತ್ತಿ ರೇಡಿಯೇಟರಿಗೆ ಸುರಿದ.

ಅವರ ಓಣಿಗೆ ಟ್ಯಾಂಕರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಸುರಿದದ್ದು ಕೌಸಲ್ಯಾಬಾಯಿ ಪಾಳಿಯಲ್ಲಿ ನಿಂತು ತಂದ ಎರಡು ಕೊಡಗಳಲ್ಲಿ ಒಂದು. ಕೊನೆಯ ಹನಿ ಇಳಿಯುವ ಹೊತ್ತಿಗೆ ಸರಿಯಾಗಿ ಅವಳು ಹೊರಗೆ ಬಂದಳು.

"ಏನ್ ಮಾಡಲತ್ತೀರಿ?"

"ಏನಿಲ್ಲ… ಗಾಡಿಗಿ ಒಂಚೂರು…" ಕೊಡ ಅವನ ಕೈಯಲ್ಲಿ ತಲೆಕೆಳಗಾಗಿತ್ತು.

"ಏಳ್ ತಾಸ್ ನಿಂತ ತಂದೀನಿ ಆ ನೀರು."

"ಗಾಡಿ ನಡದ್ರ ಸಂಸಾರ ನಡೀತದ ಅಲ್ಲೇನ, ಕೌಸಲ್ಯಾ?"

"ಹಂಗಾದ್ರ ಗಾಡಿ ಸಂಗಟನೇ ಸಂಸಾರ ಮಾಡ್ರಿ. ಆಕಿನೇ ರೊಟ್ಟಿ ಬಡೀಲಿ, ಆಕಿನೇ ನಿಮ್ಮ ಅಂಗಿ ಒಗೀಲಿ."

ಇಷ್ಟೇ ಹೇಳಿ ಕೌಸಲ್ಯಾಬಾಯಿ ಒಂದು ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು ಔರಾದ ಬಸ್ಸು ಹತ್ತಿದಳು. ಔರಾದ ತಾಲೂಕಿನ ಎಕಂಬಾ ಅವಳ ತವರು.

ಮೂರನೆಯ ದಿನ ಕಾಶೀರಾಮ ಫೋನು ಮಾಡಿದ. ಎತ್ತಿದ್ದು ಮಾವ ದತ್ತಾತ್ರಿ. ಮಾತು ಕಡಿಮೆ, ಧ್ವನಿ ದೊಡ್ಡದು.

"ನೋಡು ಅಳಿಯಾ, ಆಕಿ ಹೇಳ್ಯಾಳ. ಭಾಲ್ಕಿಯಿಂದ ಎಕಂಬಾದ ತನಕ ದಾರಿಯಾಗ ಯಾರ ಹತ್ರಾನೂ ಒಂದ್ ತಂಬಗಿ ನೀರ್ ಬೇಡಲಾರ್ದ ಗಾಡಿ ತರಬೇಕು. ತಂದ್ರ ಹತ್ತತಾಳ. ಇಲ್ಲಾಂದ್ರ ನೀನೂ ವಾಪಸ್, ನಿನ್ನ ಗಾಡೀನೂ ವಾಪಸ್."

"ಮಾವಾ, ನೀವರೆ ಒಂದ್ ಮಾತ್ ಹೇಳ್ರಿ ಆಕಿಗಿ."

"ಹೇಳೀನಿ. ಅದಕ್ಕೇ ಇಷ್ಟರ ಮ್ಯಾಲ ಬಂದದ. ಮೊದಲ ಹೇಳಿದ್ದು ಇನ್ನಾ ಬಿರುಸಿತ್ತು."

ಹೆಂಡತಿಯಿಲ್ಲದ ಮನೆಯಲ್ಲಿ ಕಾಶೀರಾಮ ಒಂದು ವಾರ ಬದುಕಿದ. ಬದುಕಿಸಿದವರು ಎಡ ಬಲದ ನೆರೆಯವರು. ಎಡಗಡೆಯ ಮನೆಯ ಕಾವೇರಿಬಾಯಿ ಎರಡು ಹೊತ್ತು ರೊಟ್ಟಿ ಕೊಟ್ಟಳು. ಆಕೆ ಮೂವತ್ತು ಶ್ರಾವಣ ಪುರಾಣ ಕೇಳಿದ ಹಿರಿಯಳು. ಯಾವುದು ಶುಭ, ಯಾವುದು ಅಲ್ಲ ಎಂಬುದರಲ್ಲಿ ಆ ಓಣಿಗೆ ಆಕೆಯದೇ ಕೊನೆಯ ಮಾತು. ಬಲಗಡೆಯ ಮನೆಯ ಭಾಲಚಂದ್ರ ಟ್ಯಾಂಕರಿನ ಪಾಳಿಯಲ್ಲಿ ಕಾಶೀರಾಮನ ಕೊಡವನ್ನು ಕಾದುಕೊಂಡ. ಅವನು ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನಿವೃತ್ತಿಯಾದದ್ದು ಕಚೇರಿಗೆ ಗೊತ್ತಿತ್ತು, ಅವನಿಗೆ ಇನ್ನೂ ಮನವರಿಕೆಯಾಗಿರಲಿಲ್ಲ. ಕೊರಳಿಗೆ ಸೀಟಿ, ಕಂಕುಳಲ್ಲಿ ರಜಿಸ್ಟರು ಇಟ್ಟುಕೊಂಡು ಪಾಳಿ ನಡೆಸುತ್ತಿದ್ದ. ಇಬ್ಬರಲ್ಲಿ ಯಾರನ್ನು ಬಿಟ್ಟರೂ ಕಾಶೀರಾಮನ ಅನ್ನ ಇಲ್ಲವೇ ನೀರು ನಿಲ್ಲುವಂತಿತ್ತು. ಈ ಸಂಗತಿಯನ್ನು ಓದುಗರು ಮರೆಯಬಾರದು. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಎಂಟನೆಯ ದಿನ ಕಾಶೀರಾಮ ಜೀಪನ್ನು ಬೀದರಿಗೆ ಒಯ್ದು ಚಿದ್ರಿಯಲ್ಲಿದ್ದ ಸಲಾವೋದ್ದೀನನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಸಲಾವೋದ್ದೀನ ಹಕೀಮರ ಮನೆತನದವನು. ಗಾಡಿಯನ್ನೂ ನಾಡಿ ಹಿಡಿದೇ ನೋಡುತ್ತಿದ್ದ. ಬಾನೆಟ್ಟು ಎತ್ತಿ, ಕಣ್ಣು ಮುಚ್ಚಿ, ರೇಡಿಯೇಟರಿನ ಮೇಲೆ ಅಂಗೈ ಇಟ್ಟ.

"ಕಾಶೀರಾಮ್ ಭಾಯ್, ಇದಕ್ಕ ನೀರಿನ ರೋಗ ಅಲ್ಲ, ಗಾಳಿ ರೋಗ. ಎಂಜಿನ್ ಜೋರ್ ಓಡಿದ್ರ ಈ ಫ್ಯಾನ್ ಜೋರ್ ತಿರಗತದ. ಏರಿನಾಗ ಎಂಜಿನ್ ಮೆಲ್ಲಗಾದ್ರ ಇದೂ ಮೆಲ್ಲಗ. ಯಾವಾಗ ಗಾಳಿ ಬೇಕೋ ಆವಾಗ ಕೊಡಂಗಿಲ್ಲ. ಇಂಥಾ ನೌಕರ ಯಾತಕ್ಕ ಬೇಕು? ತೆಗೀರಿ."

"ತೆಗದು?"

"ಕರೆಂಟಿನ ಫ್ಯಾನ್ ಹಾಕ್ತೇನಿ. ಒಂದಲ್ಲ, ಎರಡು. ಗುಜರಿಗಿ ಬಂದ ಕಾರಿನವು, ಮಾಲ್ ಏಕದಂ ಖರೇ ಅದ. ಬೆಲ್ಟಿನ ಹಂಗೇ ಇಲ್ಲ. ಬ್ಯಾಟರಿಯಿಂದ ನಡೀತಾವ. ಬಿಸಿ ಗುರ್ತ ಹಿಡಿಯೋ ಸ್ವಿಚ್ ಅದ; ನೀರ್ ಬಿಸಿ ಆದ್ರ ತಾವೇ ಶುರು, ತಣ್ಣಗಾದ್ರ ತಾವೇ ಬಂದ್. ಚಾವಿ ತೆಗದ್ರೂ ಬಿಸಿ ಇಳಿಯೋ ತನಕ ತಿರಗತಾವ. ಅಂಜಬ್ಯಾಡ್ರಿ."

ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ರೇಡಿಯೇಟರಿನ ಬೆನ್ನಿಗೆ ಎರಡು ಫ್ಯಾನು, ನವದಂಪತಿಗಳಂತೆ ಅಕ್ಕಪಕ್ಕದಲ್ಲಿ ಕೂತವು. ಸಲಾವೋದ್ದೀನ ಕೊನೆಗೆ ಒಂದು ಮಾತು ಹೇಳಿದ.

"ಮುಂದಿನ ಗಾಳಿ ಒಳಗ ಜಗ್ಗೋದು ಇವುಗಳ ಕೆಲಸ. ಕೆಂಪು ವಾಯರ್ ಕೆಂಪಿಗಿ, ಕರೀದು ಕರೀದಕ್ಕ ಹಚ್ಚೀನಿ. ಏನರೆ ಆಗ್ಲಿ, ವಾಯರ್ ಮುಟ್ಟಬ್ಯಾಡ್ರಿ."

"ಛೇ, ನಾ ಯಾಕ ಮುಟ್ಟಲಿರಿ," ಎಂದ ಕಾಶೀರಾಮ. ಆ ಹೊತ್ತಿಗೆ ಅವನು ಖರೇನೇ ಹೇಳಿದ್ದ.

ಬೀದರದಿಂದ ಭಾಲ್ಕಿಯ ತನಕ ಮುಳ್ಳು ನಡುವಿನ ಗೆರೆ ದಾಟಲಿಲ್ಲ. ಒಂದು ಹನಿ ಬೇಡಲಿಲ್ಲ. ಜೀಪು ಸ್ಟ್ಯಾಂಡಿನಲ್ಲಿ ಇಳಿದವನೇ ಕಾಶೀರಾಮ ಎಲ್ಲ ಡ್ರೈವರುಗಳಿಗೂ ಕೇಳುವಂತೆ ಘೋಷಿಸಿದ: "ಇವತ್ತಿನಿಂದ ನನ್ನ ಗಾಡಿ ನೀರ್ ಕುಡಿಯೋದು ಬಿಟ್ಟದ!"

"ಮಾಳಾ ಹಾಕ್ಕೊಂಡದೇನ್ಲೇ? ಆಷಾಢಕ್ಕ ಪಂಢರಪುರಕ್ಕ ನಡಕೋತ ಹೋಗತದೇನು?" ಎಂದ ಒಬ್ಬ. ತುಳಸಿ ಮಾಲೆ ಹಾಕಿಸಿಕೊಂಡು ಸೆರೆ ಕುಡಿಯುವುದು ಬಿಟ್ಟವರನ್ನು ಕಂಡ ಊರು ಅದು. ನೀರು ಬಿಟ್ಟವರನ್ನು ಕಂಡಿರಲಿಲ್ಲ. ಸಂಜೆಯೊಳಗೆ ಸುದ್ದಿ ಓಣಿ ಮುಟ್ಟಿತು. ಮುಟ್ಟುವಾಗ ಸ್ವಲ್ಪ ಬೆಳೆದಿತ್ತು. ಕಾಶೀರಾಮನ ಗಾಡಿಗೆ ನೀರೂ ಬೇಡ, ಡೀಸೆಲ್ಲೂ ಬೇಡ, ಬರೀ ಗಾಳಿ ಸಾಕು ಎಂದಾಗಿತ್ತು.

ಮರುದಿನ ಮುಂಜಾನೆ ಕಾಶೀರಾಮ ಇಸ್ತ್ರಿ ಅಂಗಿ ತೊಟ್ಟು ಎಕಂಬಾಕ್ಕೆ ಹೊರಟು ನಿಂತ. ಕಾವೇರಿಬಾಯಿ ಆರತಿ ತಟ್ಟೆ ಹಿಡಿದು ಬಂದಳು.

"ಹೆಣ್ತಿನ ಕರೀಲಾಕ ಹೊಂಟ ಗಾಡಿಗಿ ಹಂಗೇ ಕಳಸಬಾರ್ದಪ್ಪಾ. ಶುರು ಮಾಡಿ ನಿಂದ್ರಸು."

ಎಂಜಿನ್ನು ಬಿಸಿಯಾಗುವ ತನಕ ಆಕೆ ಬಾಯಲ್ಲಿ ಪದ ಹೇಳುತ್ತ ಆರತಿ ಬೆಳಗಿದಳು. ಇನ್ನೇನು ಮುಗಿಯಬೇಕು, ಟಕ್ ಎಂದು ಎರಡೂ ಫ್ಯಾನು ಶುರುವಾದವು. ದೀಪದ ಕುಡಿ ಜಾಲರಿಯ ಕಡೆಗೆ ಉದ್ದಕ್ಕೆ ಎಳೆದುಕೊಂಡು ಹೋಗಿ ಪಟ್ಟನೆ ನಂದಿತು. ಕಾವೇರಿಬಾಯಿ ಬಗ್ಗಿ ಜಾಲರಿಯೊಳಗೆ ಇಣುಕಿದಳು. ಇಣುಕಿದವಳು ಎದೆಗೆ ಕೈ ಇಟ್ಟುಕೊಂಡಳು.

"ಎಡಕ್ಕ ತಿರಗಲತ್ತಾವ!"

"ಏನಕ್ಕಾ?"

"ಫ್ಯಾನು! ಅಪ್ರದಕ್ಷಿಣಿ ಹಾಕಲತ್ತಾವ! ಗುಡಿಗಿ ಯಾವ ಕಡಿ ಸುತ್ತತೇವಿ? ಬಲಕ್ಕ. ಆರತಿ ಯಾವ ಕಡಿ? ಬಲಕ್ಕ. ಮದವ್ಯಾಗ ಅಗ್ನಿ ಸುತ್ತಿದ್ದು? ಬಲಕ್ಕ. ಬಲಕ್ಕ ಸುತ್ತಿ ತಂದ ಹೆಣ್ತಿನ ಎಡಕ್ಕ ಸುತ್ತೋ ಗಾಡಿಯಾಗ ಕರೀಲಾಕ ಹೊಂಟಿಯೇನು? ಹತ್ತಿದ್ರೂ ದಾರಿಯಾಗ ಇಳದ ಹೋಗ್ತಾಳ ನೋಡು."

ಅಷ್ಟರಲ್ಲಿ ಬಲಗಡೆಯ ಮನೆಯಿಂದ ಸೀಟಿ ಕೇಳಿಸಿತು. ಭಾಲಚಂದ್ರ ಬಂದು, ಬಾನೆಟ್ಟಿನ ಹಿಂದಿನಿಂದ ಬಗ್ಗಿ ನೋಡಿ, ಕನ್ನಡಕ ಸರಿಮಾಡಿಕೊಂಡ.

"ಕಾವೇರಿಬಾಯಿ, ನೀವು ನಿಂತ ಜಾಗಾನೇ ತಪ್ಪದ. ಡ್ರೈವರ್ ಕಡಿಂದ ನೋಡ್ರಿ. ಬಲಕ್ಕೇ ತಿರಗಲತ್ತಾವ. ಗಾಡಿ ಮಾಲಿಕ ಎಲ್ಲಿ ಕೂಡ್ತಾನ? ಹಿಂದ. ಮಾಲಿಕನ ಬಲ ಯಾವುದೋ ಗಾಡೀದೂ ಅದೇ ಬಲ. ಇದು ನಿಯಮ."

"ಯಾವ ನಿಯಮರಿ?"

"ಸರಕಾರಿ ನಿಯಮ."

"ನೀವು ಗುಡಿಗಿ ಹೋದ್ರ ದೇವರ ಮುಂದ ನಿಂದ್ರತೀರೋ, ಬೆನ್ನ ಹಿಂದ ನಿಂದ್ರತೀರೋ?"

"ದೇವರೇನು ಸ್ಟಿಯರಿಂಗ್ ಹಿಡಿದಾನೇನು?"

ಓಣಿ ಎರಡು ಪಂಗಡವಾಯಿತು. ಎದುರಿನಿಂದ ನೋಡುವವರು ಒಂದು ಕಡೆ, ಹಿಂದಿನಿಂದ ನೋಡುವವರು ಒಂದು ಕಡೆ. ಹಾಲಿನವನು ಎರಡೂ ಕಡೆಯಿಂದ ನೋಡಿ ತಲೆ ತಿರುಗಿ ಕೂತ. ನಡುವೆ ಕಾಶೀರಾಮ ಒಮ್ಮೆ ರೊಟ್ಟಿಯ ಮುಖ ನೋಡಿದ, ಒಮ್ಮೆ ಕೊಡದ ಮುಖ ನೋಡಿದ. ಸಲಾವೋದ್ದೀನ ಹೇಳಿದ್ದು ನೆನಪಾಗಲಿಲ್ಲ ಎಂದಲ್ಲ. ಆದರೆ ಸಲಾವೋದ್ದೀನ ಇರುವುದು ಚಿದ್ರಿಯಲ್ಲಿ. ಇವರಿಬ್ಬರ ಗೋಡೆಗಳು ತನ್ನ ಗೋಡೆಗೆ ಹತ್ತಿದವು.

"ಜಗಳ ಬ್ಯಾಡ್ರಿ," ಎಂದು ಕೈ ಎತ್ತಿದ. "ಇಬ್ಬರ ಮಾತೂ ನನಗ ದೊಡ್ಡದು. ಒಂದು ಫ್ಯಾನ್ ಅಕ್ಕನ ಬಲಕ್ಕ ತಿರಗಲಿ, ಒಂದು ಸಾಹೇಬರ ಬಲಕ್ಕ ತಿರಗಲಿ."

ಇಂಥ ತೀರ್ಪನ್ನು ದೊಡ್ಡ ನ್ಯಾಯಾಲಯಗಳೂ ಕೊಟ್ಟಿರಲಾರವು. ಕಾಶೀರಾಮ ಒಂದು ಫ್ಯಾನಿನ ಕೆಂಪು ವಾಯರನ್ನು ಕರಿಯದಕ್ಕೆ, ಕರಿಯದನ್ನು ಕೆಂಪಿಗೆ ಹಚ್ಚಿದ. ಫ್ಯಾನು ವಿಧೇಯವಾಗಿ ಉಲ್ಟಾ ತಿರುಗಿತು. ಕಾವೇರಿಬಾಯಿ ಮತ್ತೆ ಆರತಿ ಎತ್ತಿದಳು. ಒಂದು ಫ್ಯಾನು ಕುಡಿಯನ್ನು ಒಳಗೆ ಎಳೆಯಿತು, ಇನ್ನೊಂದು ಹೊರಗೆ ತಳ್ಳಿತು. ದೀಪ ನಂದದೆ ನಡುವೆ ನಿಂತು ಹೊಯ್ದಾಡಿತು.

"ನೋಡು, ದೇವರು ತಲಿ ಅಲ್ಲಾಡಸಲತ್ತಾನ," ಎಂದಳು ಸಂತೋಷದಿಂದ.

ದೇವರು ಯಾವ ಕಡೆಗೆ ತಲೆ ಅಲ್ಲಾಡಿಸಿದ ಎಂದು ಯಾರೂ ವಿಚಾರಿಸಲಿಲ್ಲ.

ಕಾವೇರಿಬಾಯಿ ಮುಂದಿನ ಸೀಟಿನಲ್ಲಿ, ಭಾಲಚಂದ್ರ ರಜಿಸ್ಟರು ಸಮೇತ ಹಿಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ನೀರು ಬೇಡಲಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ! ಜೀಪು ಹೊರಟಿತು. ಎರಡೂ ಕಡೆ ಬೋಳು ಹೊಲ, ಬೀಗ ಹಾಕಿದ ಮನೆಗಳು. ಒಂದು ಊರಿನ ಕಟ್ಟೆಯ ಮೇಲೆ ಮೂರು ಸಂಸಾರಗಳು ಗಂಟು ಕಟ್ಟಿಕೊಂಡು ಪುಣೆಯ ಗಾಡಿ ಕಾಯುತ್ತಿದ್ದವು. ಕಾಶೀರಾಮನಿಗೆ ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ ಮುಳ್ಳು ಏರುತ್ತಿತ್ತು.

"ಅಕ್ಕಾ, ಬಿಸಿ ಆಗಲತ್ತದ."

"ಹೆಣ್ತಿ ಕಡಿ ಹೋಗೋ ಗಾಡಿ ತಣ್ಣಗ ಇರತದೇನಪ್ಪಾ? ನಡಿ."

ಅರ್ಧ ದಾರಿಯಲ್ಲಿ, ಸಂತಪೂರದ ಏರಿನಲ್ಲಿ, ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಆವಿ ಎದ್ದಿತು. ಅಲ್ಲಿ ಒಂದು ಚಹಾದ ಹೋಟೆಲಿತ್ತು. ಅದರ ಮಾಲಿಕ ಅಬ್ದುಲ ಖಾದರ ಆರು ತಿಂಗಳಿಂದ ಕಾಶೀರಾಮನ ಡಬ್ಬಿ ಕಂಡರೆ ಸಾಕು ಕೈಯಲ್ಲಿದ್ದ ಸೌಟು ಝಳಪಿಸಿ ಓಡಿಸಿದವನು. ಅವತ್ತು ಅವನ ಹೃದಯದಲ್ಲಿ ಏನು ಹೊಕ್ಕಿತೋ, ಒಂದು ಬಕೆಟು ತುಂಬ ನೀರು ಹಿಡಿದು ತಾನೇ ಎದ್ದು ಬಂದ.

"ತಗೋರಿ ಭಾಯ್. ದಿನಾ ಬೈತೀನಿ, ಮನಸಿಗಿ ಕೆಟ್ಟ ಅನಸ್ತದ. ಹಾಕ್ರಿ."

ಕಾಶೀರಾಮ ಆ ನೀರನ್ನು ನೋಡಿದ. ಕುದಿಯುವ ರೇಡಿಯೇಟರನ್ನು ನೋಡಿದ. ಎರಡೂ ಕೈ ಜೋಡಿಸಿದ.

"ಬ್ಯಾಡ್ರಿ ಖಾದರ್ ಭಾಯ್. ನಮ್ಮ ಗಾಡಿ ಬಿಟ್ಟದ."

ಭಾಲಚಂದ್ರ ರಜಿಸ್ಟರಿನಲ್ಲಿ ಬರೆದುಕೊಂಡ: 'ಸಂತಪೂರ. ಸದರಿಯವರು ನೀರು ಕೊಡಲು ಬಂದರೂ ಸದರಿ ವಾಹನ ನಿರಾಕರಿಸಿತು.' ಖಾದರ ಬಕೆಟು ಹಿಡಿದುಕೊಂಡೇ ನಿಂತಿದ್ದ. ಜಗತ್ತಿನಲ್ಲಿ ಒಳ್ಳೆಯತನಕ್ಕೆ ಬೆಲೆಯಿಲ್ಲ ಎಂದು ಅವನು ಅವತ್ತೇ ತೀರ್ಮಾನಿಸಿರಬೇಕು.

ಮೈಲಿಗೊಮ್ಮೆ ನಿಲ್ಲಿಸಿ, ತಣ್ಣಗಾಗಲಿ ಎಂದು ಕಾದು, ಮತ್ತೆ ನಡೆಸಿ, ಔರಾದ ದಾಟಿ ಎಕಂಬಾ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಮಾವನ ಅಂಗಳದ ಮುಂದೆ ಜೀಪು ಒಮ್ಮೆ ನರಳಿ ನಿಂತಿತು. ಕಾಶೀರಾಮ ಚಾವಿ ತೆಗೆದು ಇಳಿದ. ಎಂಜಿನ್ನು ನಿಂತಿತು. ಫ್ಯಾನುಗಳು ನಿಲ್ಲಲಿಲ್ಲ.

ಊರಲ್ಲಿ ಉಳಿದ ಮಂದಿಯೆಲ್ಲ ಸುತ್ತುಗಟ್ಟಿದರು.

"ಚಾವಿ ಅವನ ಕೈಯಾಗದ, ಗಾಡಿ ಒಳಗ ತಾನೇ ಓಡಲತ್ತದಲ್ಲೋ!"

"ಭಾಲ್ಕಿ ಮಂದಿ ಹೇಳಿದ್ದು ಖರೇನಪ್ಪಾ. ಗಾಳಿ ಮ್ಯಾಲ ನಡಿಯೋ ಗಾಡಿ!"

ದತ್ತಾತ್ರಿ ಕೋಲೂರಿಕೊಂಡು ಬಂದ. ಅಂಗಳದಲ್ಲಿ ಅತ್ತೆ ಅಂಜನಾಬಾಯಿ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಅವಳ ಹಿಂದೆ ಬಾಗಿಲ ಚೌಕಟ್ಟಿಗೆ ಒರಗಿ ಕೌಸಲ್ಯಾಬಾಯಿ ನಿಂತಿದ್ದಳು. ಒಂಬತ್ತು ದಿನಗಳ ಮೇಲೆ ಕಾಶೀರಾಮ ಹೆಂಡತಿಯ ಮುಖ ನೋಡಿದ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಬಿಚ್ಚಿಹೋಯಿತು.

"ದಾರಿಯಾಗ ನೀರ್ ಬೇಡಿದೇನು?" ಮಾವ ಕೇಳಿದ.

ಭಾಲಚಂದ್ರ ಸೀಟಿ ಊದಿ, ರಜಿಸ್ಟರು ತೆರೆದ. "ಭಾಲ್ಕಿಯಿಂದ ಎಕಂಬಾದವರೆಗೆ ಸದರಿ ವಾಹನವು ಯಾರ ಹತ್ತಿರವೂ, ಯಾವುದೇ ರೂಪದಲ್ಲಿ, ನೀರನ್ನು…"

ಢಬ್ ಎಂದು ರೇಡಿಯೇಟರಿನ ಮುಚ್ಚಳ ಹಾರಿತು.

ಆವಿ ಮನೆಯೆತ್ತರಕ್ಕೆ ಎದ್ದಿತು. ಅದರ ಹಿಂದೆ ಕೆಂಪು ನೀರು ಉಕ್ಕಿ ಜೀಪಿನ ಮೂತಿಯಿಂದ ಅಂಗಳಕ್ಕೆ ಧಾರಾಕಾರವಾಗಿ ಇಳಿಯಿತು. ನೆಲದ ಮೇಲೆ ನೀರು ಹರಿದದ್ದನ್ನು ಎಕಂಬಾ ಕಂಡು ಎಷ್ಟು ತಿಂಗಳಾಗಿತ್ತೋ! "ನೀರ ಬಂತು! ನೀರ ಬಂತು!" ಎಂದು ಹಿಂದಿನ ಓಣಿಯವರು ಕೂಗಿದರು. ಟ್ಯಾಂಕರೇ ಬಂತೆಂದು ತಿಳಿದು ಹೆಂಗಸರು ಕೊಡ, ಬಕೆಟು, ಚರಿಗೆ ಹಿಡಿದು ಓಡಿ ಬಂದರು. ಭಾಲಚಂದ್ರ ಕೊಡಗಳನ್ನು ಕಂಡಕೂಡಲೆ ಬೇರೇನೂ ತಿಳಿಯದೆ, "ಪಾಳಿ! ಪಾಳಿ ಹಿಡೀರಿ! ಒಂದ್ ಮನಿಗಿ ಎರಡೇ ಕೊಡ!" ಎಂದು ಸೀಟಿ ಊದಿದ. ಊರು ಶಿಸ್ತಿನಿಂದ ಪಾಳಿ ಹಿಡಿಯಿತು. ಮೊದಲು ನಿಂತವಳು ಬಗ್ಗಿ ಮೂಸಿ ನೋಡಿದಳು.

"ತುಕ್ಕು ನಾರಲತ್ತದ! ದನಾನೂ ಕುಡಿಯಂಗಿಲ್ಲ ಇದು!"

ಕಾಶೀರಾಮ ಟವೆಲು ತಲೆಗೆ ಹಾಕಿಕೊಂಡು ಹಿಂದಿನ ಬಂಪರಿನ ಮೇಲೆ ಕೂತುಬಿಟ್ಟ. "ಹೋತು," ಎಂದ. ಅದು ನೀರೋ, ಗಾಡಿಯೋ, ಸಂಸಾರವೋ ಹೇಳಲಿಲ್ಲ.

ಆಗ ಕೌಸಲ್ಯಾಬಾಯಿ ಬಾಗಿಲು ಬಿಟ್ಟು ಇಳಿದು ಬಂದಳು. ಗಂಡನನ್ನು ನೋಡಲಿಲ್ಲ. ನೇರ ಜೀಪಿನ ಮೂತಿಯ ಮುಂದೆ ನಿಂತಳು. ಜಾಲರಿಯ ಹತ್ತಿರ ಸೆರಗಿನ ತುದಿ ಹಿಡಿದಳು. ಎಡಕ್ಕೆ ಹಿಡಿದರೆ ಸೆರಗು ಒಳಗೆ ಜಗ್ಗಿತು, ಬಲಕ್ಕೆ ಹಿಡಿದರೆ ಹೊರಗೆ ಹಾರಿತು. ಅವಳು ತಿರುಗಿ ಹೋಗಿ ತಾಯಿಯ ಮೊರದಿಂದ ಒಂದು ಹಿಡಿ ಹೊಟ್ಟು ತಂದು ಜಾಲರಿಗೆ ತೂರಿದಳು. ಅರ್ಧ ಹೊಟ್ಟು ಒಳಗೆ ಹೋಯಿತು. ಅರ್ಧ ಬಂದು ಭಾಲಚಂದ್ರನ ಕನ್ನಡಕಕ್ಕೆ ಬಡಿಯಿತು.

"ಅವ್ವಾ, ನೋಡಿಲ್ಲಿ," ಎಂದಳು. "ಒಂದ್ ರಾಶಿ ಇಬ್ಬರು ಎದುರಾ ಬದರಾ ನಿಂತ ತೂರಲತ್ತಾರ. ಹಿಂಗ ತೂರಿದ್ರ ಕಾಳ್ ಹಸನ ಆಗತಾವೇನು? ಆಕಡಿಂದ ಬಂದ ಬಿಸಿ ಗಾಳಿ ಈಕಡಿಂದ ಮತ್ತ ಒಳಗೇ ಹೊಂಟದ."

ಫೋನು ತೆಗೆದು ಸಲಾವೋದ್ದೀನನನ್ನು ಹಿಡಿದಳು. ಫೋನಿನ ಧ್ವನಿ ಅಂಗಳಕ್ಕೆಲ್ಲ ಕೇಳಿಸಿತು.

"ಭಾಬಿ, ನಾ ಎರಡೂ ಒಳಗ ಜಗ್ಗೋಹಂಗೇ ಹಚ್ಚೀನಿ. ವಾಯರ್ ಯಾರು ಮುಟ್ಟಿದ್ರು ಕೇಳ್ರಿ."

ಕಾಶೀರಾಮ ಆಕಾಶ ನೋಡಿದ. ಕಾವೇರಿಬಾಯಿ ನೆಲ ನೋಡಿದಳು. ಭಾಲಚಂದ್ರ ರಜಿಸ್ಟರಿನ ಖಾಲಿ ಹಾಳೆ ನೋಡಿದ.

"ಯಾಕ ಮುಟ್ಟಿದ್ರಿ?" ಕೌಸಲ್ಯಾಬಾಯಿ ಕೇಳಿದಳು.

"ಅಕ್ಕ ಬಲಕ್ಕ ತಿರಗಬೇಕಂದ್ಳು. ಸಾಹೇಬರು ಮೊದಲೇ ಬಲಕ್ಕ ಅದ ಅಂದ್ರು. ಯಾರಿಗಿ ಒಲ್ಲೆ ಅನ್ನಲಿ?"

"ಇಬ್ಬರ ಸಲವಾಗಿ ಎರಡ್ ಕಡಿ ತಿರಗಸಿದ್ರಿ."

"ಹೂಂ."

ಅಂಜನಾಬಾಯಿ ಮೊರ ಕೆಳಗಿಟ್ಟು ನಗಲಿಕ್ಕೆ ಹತ್ತಿದಳು. ದತ್ತಾತ್ರಿ ಮುಖ ತಿರುಗಿಸಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಕಾವೇರಿಬಾಯಿ ಮಾತ್ರ ಗಂಭೀರವಾಗಿ, "ಎಲ್ಲಾನೂ ಎದುರಿನಿಂದೇ ನೋಡಬೇಕಂತಿಲ್ಲಪ್ಪಾ, ಗಾಡಿದು ಬ್ಯಾರೆ ಶಾಸ್ತ್ರ," ಎಂದು ತನ್ನ ಪಂಗಡವನ್ನು ವಿಸರ್ಜಿಸಿದಳು.

ಕಾಶೀರಾಮ ವಾಯರು ಬಿಚ್ಚಿ ಕೆಂಪನ್ನು ಕೆಂಪಿಗೆ ಹಚ್ಚಿ ಮತ್ತೆ ಬಂಪರಿನ ಮೇಲೆ ಕೂತ. ಆದರೆ ರೇಡಿಯೇಟರು ಒಣಗಿ ಬಿದ್ದಿತ್ತು. ನೀರಿಲ್ಲದೆ ಒಂದು ಹೆಜ್ಜೆ ಕದಲದು. ಅಂಗಳದ ಮೂಲೆಯಲ್ಲಿ ಎರಡು ತುಂಬಿದ ಕೊಡಗಳಿದ್ದವು. ಅದು ಅವನಿಗೆ ಕಂಡಿತ್ತು. ಕಂಡದ್ದು ಎಲ್ಲರಿಗೂ ಕಂಡಿತು. ಅವನು ಕೂತಲ್ಲಿಂದ ಏಳಲಿಲ್ಲ.

"ಹೊತ್ತ ಹೊಂಟದ," ಎಂದ ಮಾವ. "ಏನ್ ಮಾಡಾಂವ?"

"ಶರತ್ತು ಅದಲ್ಲ ಮಾವಾ. ನೀರ್ ಬೇಡಬಾರ್ದು. ತಣ್ಣಗಾದ್ ಮ್ಯಾಲ ದೂಡಕೋತ ಹೋಗತೇವಿ." ದೂಡಬೇಕಾದವರಿಬ್ಬರೂ ಬೆಚ್ಚಿಬಿದ್ದರು. ಎಕಂಬಾದಿಂದ ಭಾಲ್ಕಿ ದೂಡುವಷ್ಟು ಹತ್ತಿರವಲ್ಲ.

ಕೌಸಲ್ಯಾಬಾಯಿ ಅವನ ಎದುರಿಗೆ ಬಂದು ನಿಂತಳು.

"ಬೇಡಬಾರ್ದು ಅಂದೀನಿ ದಾರಿ ಮಂದಿಗಿ. ನನಗ ಕೇಳಬ್ಯಾಡ್ರಿ ಅಂತ ಯಾವಾಗ ಅಂದೀನಿ?"

ಕಾಶೀರಾಮ ತಲೆಯೆತ್ತಿದ.

"ಅವತ್ತ ಒಂದ್ ಮಾತ್ ಕೇಳಿದ್ರ ನಾನೇ ಎತ್ತಿ ಸುರುವತಿದ್ದೆ. ಊರಾನ ಮಂದಿಗೆಲ್ಲ ಡಬ್ಬಿ ಹಿಡಿದ ಕೇಳ್ತೀರಿ, ಕೈ ಮುಗದ ಕೇಳ್ತೀರಿ. ಮನ್ಯಾಗಿನಾಕಿಗಿ ಕೇಳಲಾರ್ದ ತಗೊಂಡ್ರಿ. ಗಾಡಿ ಮ್ಯಾಲ ನನಗೇನ್ ಸಿಟ್ಟು? ಆ ತ್ರಾಸಿಗಿ ಎರಡ್ ಫ್ಯಾನ್ ಹಾಕಿಸಿ, ಊರ ತುಂಬಾ ಡಂಗುರಾ ಹೊಡದು…"

ಕಾಶೀರಾಮನಿಗೆ ಬುದ್ಧಿ ತಡವಾಗಿ ಬಂದರೂ ಬಂದ ಮೇಲೆ ಸುಮ್ಮನೆ ಕೂಡುತ್ತಿರಲಿಲ್ಲ. ಟವೆಲು ತೆಗೆದು ಹೆಗಲ ಮೇಲೆ ಹಾಕಿಕೊಂಡ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಆಡದ ಮಾತನ್ನು, ಎಕಂಬಾದ ಅಷ್ಟೂ ಮಂದಿಯ ಮುಂದೆ, ಎದ್ದು ನಿಂತು ಆಡಿದ.

"ಕೌಸಲ್ಯಾ, ಒಂದ್ ಕೊಡ ನೀರ್ ಕೊಡ್ತಿಯೇನು?"

"ಯಾರಿಗಿ? ಗಾಡಿಗೋ, ನಿಮಗೋ?"

"ಮೊದಲ ನನಗ. ಮುಂಜಾನಿಂದ ಕುಡದಿಲ್ಲ. ಉಳದದ್ದು ಗಾಡಿಗಿ."

ಪಾಳಿಯಲ್ಲಿ ಇನ್ನೂ ಖಾಲಿ ಕೊಡ ಹಿಡಿದು ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕೌಸಲ್ಯಾಬಾಯಿ ಚರಿಗೆಯಲ್ಲಿ ನೀರು ಕೊಟ್ಟಳು. ಅವನು ಕುಡಿದ. ಕೊಡ ಎತ್ತಿ ಜೀಪಿನತ್ತ ಹೋಗಲಿದ್ದವನನ್ನು ತಡೆದಳು. "ನಿಂದ್ರರಿ. ಕಾದ ಹಂಚಿಗಿ ತಣ್ಣೀರ್ ಸುರದ್ರ ಏನಾಗತದ ಅಂತ ರೊಟ್ಟಿ ಬಡದಾಕಿಗಿ ಕೇಳ್ರಿ. ಆರಲಿ." ಆರುವ ತನಕ ಎಲ್ಲರೂ ಕೂತು ಚಹಾ ಕುಡಿದರು. ಆಮೇಲೆ ಅವಳೇ ಕೊಡ ಬಗ್ಗಿಸಿ, ಸಣ್ಣ ಧಾರೆಯಲ್ಲಿ, ಹನಿ ಹೊರಗೆ ಬೀಳದಂತೆ ತುಂಬಿಸಿದಳು.

ಶರತ್ತು ಉಳಿಯಿತೋ ಮುರಿಯಿತೋ ಎಂಬ ಪ್ರಶ್ನೆಯನ್ನು ಯಾರೋ ಎತ್ತಿದರು. ಭಾಲಚಂದ್ರ ಕನ್ನಡಕದ ಹೊಟ್ಟು ಒರೆಸಿಕೊಳ್ಳುತ್ತ ಆದೇಶ ಹೊರಡಿಸಿದ: "ನೀರು ಬೇಡಬಾರದಾಗಿದ್ದು ದಾರಿಯಲ್ಲಿ. ಎಕಂಬಾ ದಾರಿಯಲ್ಲ, ಮುಕ್ಕಾಮು. ಆದಕಾರಣ ಶರತ್ತು ಪಾಲನೆಯಾಗಿದೆ." ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ.

ಆದರೆ ಕೌಸಲ್ಯಾಬಾಯಿ ಮನೆಯೊಳಗೆ ಹೋಗಿಬಿಟ್ಟಳು. ಅಂಗಳ ಕಾಯಿತು. ಕಾಶೀರಾಮ ಸ್ಟಿಯರಿಂಗು ಹಿಡಿದು ಕಾದ. "ಬರಂಗಿಲ್ಲೇನೋ," ಎಂದು ಕಾವೇರಿಬಾಯಿ ಪಿಸುಗುಟ್ಟಿದಳು. ಇನ್ನೂ ಪಿಸುಗುಟ್ಟುವವಳಿದ್ದಳು, ಅಷ್ಟರಲ್ಲಿ ಕೌಸಲ್ಯಾಬಾಯಿ ಒಂದು ಕೈಯಲ್ಲಿ ಸೀರೆಯ ಚೀಲ, ಇನ್ನೊಂದು ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಸಣ್ಣ ಕೊಡ ಹಿಡಿದು ಹೊರಗೆ ಬಂದಳು.

"ಅಕ್ಕಾ, ಹಿಂದ ಕೂಡ್ರಿ," ಎಂದಳು.

ಕಾವೇರಿಬಾಯಿ ಹಿಂದೆ ಹೋದಳು. ಕೌಸಲ್ಯಾಬಾಯಿ ಮುಂದೆ ಕೂತು ಕೊಡವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡಳು.

ಜೀಪು ಹೊರಟಿತು. ಮುಳ್ಳು ನಡುವಿನ ಗೆರೆಯ ತನಕ ಬರುವುದು, ಟಕ್ ಎಂದು ಎರಡೂ ಫ್ಯಾನು ಒಟ್ಟಿಗೆ ಶುರುವಾಗುವುದು, ಮುಳ್ಳು ಇಳಿಯುವುದು. ಔರಾದ ದಾಟಿತು, ಮೈಲಿಗಳು ಉರುಳಿದವು. ಹಿಂದೆ ಕೂತವರಿಬ್ಬರು ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಗಿದ್ದರು. ಹೊತ್ತು ಇಳಿಯುವಾಗ ಏನೂ ಕಾರಣವಿಲ್ಲದೆ ಕಾಶೀರಾಮ ರಸ್ತೆಯ ಬದಿಗೆ ಜೀಪು ನಿಲ್ಲಿಸಿದ.

"ಕೌಸಲ್ಯಾ, ಒಂದೀಟು ನೀರ್ ಕೊಡ್ತಿಯೇನು?"

ಅವಳು ಗಾಬರಿಯಿಂದ ಮುಳ್ಳು ನೋಡಿದಳು. ಅದು ತನ್ನ ಜಾಗದಲ್ಲಿ ಸುಮ್ಮನಿತ್ತು.

"ಯಾಕ? ಮತ್ತೇನಾತು ಗಾಡಿಗಿ?"

"ಏನೂ ಆಗಿಲ್ಲ. ಸುಮ್ಕ ಕೇಳ್ದೆ."

ಕೌಸಲ್ಯಾಬಾಯಿ ಅವನನ್ನೇ ನೋಡುತ್ತ ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು.